ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಸೆಟ್ಟಿಂಗುಗಳು: ಕಾಯುವ ಹೊತ್ತಿನ ಲೆಕ್ಕ

ನೆಟ್‌ವರ್ಕ್ ಕಾರ್ಡ್ ಎಂದರೆ ತಂತಿಯಲ್ಲಿ ಹರಿದು ಬರುವ ಸಂಕೇತಗಳನ್ನು ಕಂಪ್ಯೂಟರಿನ ಮೆಮೊರಿಗೂ, ಮೆಮೊರಿಯಲ್ಲಿರುವ ಮಾಹಿತಿಯನ್ನು ತಂತಿಗೂ ದಾಟಿಸುವ ಸಾಧನ. ಡ್ರೈವರ್ ಎಂದರೆ ಆ ಸಾಧನದಲ್ಲಿ ನಡೆಯುವುದನ್ನು ಆಪರೇಟಿಂಗ್ ಸಿಸ್ಟಂಗೆ ತಿಳಿಸಿ, ಆಪರೇಟಿಂಗ್ ಸಿಸ್ಟಂ ಬಯಸಿದ್ದನ್ನು ಸಾಧನದ ರಿಜಿಸ್ಟರುಗಳಲ್ಲಿ ಬರೆಯುವ ತಂತ್ರಾಂಶ. ಇವೆರಡಕ್ಕೂ ಸಿಗುವ ಸಮಯ ಎಷ್ಟು ಬಿಗಿಯಾದದ್ದು ಎಂಬುದನ್ನು ಒಂದು ಸಣ್ಣ ಗುಣಾಕಾರವೇ ತೋರಿಸಿಕೊಡುತ್ತದೆ. ಈಥರ್ನೆಟ್‌ನಲ್ಲಿ ಒಮ್ಮೆಗೆ ಕಳುಹಿಸುವ ಮಾಹಿತಿಯ ಕಂತೆಗೆ ಫ್ರೇಮ್ ಎನ್ನುತ್ತಾರೆ; ಅತಿ ಚಿಕ್ಕ ಫ್ರೇಮ್ 64 ಬೈಟಿನದು, ಅದರ ಮುಂದೆ ಹೋಗುವ 8 ಬೈಟಿನ ಮುನ್ಸೂಚನೆ ಮತ್ತು ಹಿಂದೆ ಬಿಡಬೇಕಾದ 12 ಬೈಟಿನಷ್ಟು ತೆರವು ಸೇರಿದರೆ ತಂತಿಯ ಮೇಲೆ ಅದು ಹಿಡಿಯುವ ಜಾಗ 84 ಬೈಟು. ಸೆಕೆಂಡಿಗೆ ಒಂದು ಗಿಗಾಬಿಟ್ ಸಾಗಿಸುವ ತಂತಿಯಲ್ಲಿ ಇಂಥ ಫ್ರೇಮುಗಳು ಸೆಕೆಂಡಿಗೆ ಸುಮಾರು 14.88 ಲಕ್ಷ ಬರಬಲ್ಲವು. ಹತ್ತು ಗಿಗಾಬಿಟ್ ತಂತಿಯಲ್ಲಿ 1.488 ಕೋಟಿ, ಅಂದರೆ 67.2 ನ್ಯಾನೊಸೆಕೆಂಡಿಗೆ ಒಂದು. ಮೂರು ಗಿಗಾಹರ್ಟ್ಸ್ ವೇಗದ ಪ್ರೊಸೆಸರಿಗೆ ಅಷ್ಟು ಹೊತ್ತಿನಲ್ಲಿ ಸಿಗುವುದು ಇನ್ನೂರು ಗಡಿಯಾರ ಮಿಡಿತ ಮಾತ್ರ, ಮುಖ್ಯ ಮೆಮೊರಿಗೆ ಒಂದು ಸಲ ಹೋಗಿಬರುವುದಕ್ಕೇ ಹೆಚ್ಚುಕಡಿಮೆ ಅಷ್ಟು ಹೊತ್ತು ಬೇಕು. ಹೀಗಾಗಿ ಫ್ರೇಮುಗಳು ಹೊತ್ತು ತರುವ ಪ್ಯಾಕೆಟ್ಟುಗಳನ್ನು ಬಂದಂತೆಯೇ ಒಂದೊಂದಾಗಿ ಎತ್ತಿಕೊಳ್ಳುವ ಕ್ರಮ ನಡೆಯುವುದಿಲ್ಲ. ಎಲ್ಲೋ ಒಂದು ಕಡೆ ಅವು ಕೂಡಿಕೊಳ್ಳಬೇಕು, ಕಾಯಬೇಕು, ಒಟ್ಟಿಗೆ ಸಾಗಬೇಕು. ಡ್ರೈವರಿನ ಸೆಟ್ಟಿಂಗುಗಳೆಂದು ಕರೆಯುವ ಸಂಖ್ಯೆಗಳೆಲ್ಲ, ಹೆಸರು ಯಾವುದೇ ಇರಲಿ, ಈ ಕಾಯುವಿಕೆ ಎಲ್ಲಿ ನಡೆಯಬೇಕು, ಎಷ್ಟು ಹೊತ್ತು ನಡೆಯಬೇಕು, ಅದರ ಹೊರೆಯನ್ನು ಯಾರು ಹೊರಬೇಕು ಎಂಬುದನ್ನು ನಿರ್ಧರಿಸುವಂಥವು. ತಂತಿಯಲ್ಲಿ ಇಲ್ಲದ ವೇಗವನ್ನು ಅವು ಹುಟ್ಟಿಸಲಾರವು.

ಸೆಟ್ಟಿಂಗ್ ಎಂಬ ಮಾತಿಗೆ ಮೊದಲು ಈ ಅರ್ಥವಿರಲಿಲ್ಲ. 1973ರಲ್ಲಿ ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ರೂಪಿಸತೊಡಗಿದ ಈಥರ್ನೆಟ್ ಸೆಕೆಂಡಿಗೆ 2.94 ಮೆಗಾಬಿಟ್ ಸಾಗಿಸುತ್ತಿತ್ತು. 1983ರಲ್ಲಿ ಅದು ಐಇಇಇ ಸಂಸ್ಥೆಯ ಮಾನಕವಾದಾಗ ಹತ್ತು ಮೆಗಾಬಿಟ್ಟಿಗೆ ಏರಿತ್ತು. ಆ ದಶಕದ ಕೊನೆಯಲ್ಲಿ ಮನೆ, ಕಚೇರಿಗಳ ಕಂಪ್ಯೂಟರುಗಳಿಗೆ ಬಂದ ಎನ್‌ಇ2000 ಮಾದರಿಯ ಕಾರ್ಡುಗಳಲ್ಲಿ ಸೆಟ್ಟಿಂಗ್ ಎಂದರೆ ಕಾರ್ಡಿನ ಮೇಲಿನ ಪುಟ್ಟ ಪಿನ್ನುಗಳಿಗೆ ಜಂಪರ್ ಎಂಬ ಟೋಪಿ ತೊಡಿಸುವ ಕೆಲಸ. ಇಂಟರಪ್ಟ್ ಸಂಖ್ಯೆ ಮೂರನ್ನು ಕೊಟ್ಟರೆ ಎರಡನೆಯ ಸೀರಿಯಲ್ ಪೋರ್ಟಿನೊಂದಿಗೂ, ಐದನ್ನು ಕೊಟ್ಟರೆ ಸೌಂಡ್ ಕಾರ್ಡಿನೊಂದಿಗೂ ಅದು ಡಿಕ್ಕಿ ಹೊಡೆಯುವ ಸಂಭವವಿತ್ತು. ಕಾರ್ಡ್ ಕೆಲಸ ಮಾಡುತ್ತದೆಯೇ ಇಲ್ಲವೇ ಎಂಬುದೇ ಆಗಿನ ಪ್ರಶ್ನೆ. ಪಿಸಿಐ ಬಸ್ ಬಂದು ಈ ಹಂಚಿಕೆ ತಾನಾಗಿ ನಡೆಯತೊಡಗಿದ ಮೇಲೆ ಆ ಪ್ರಶ್ನೆ ಮರೆಯಾಯಿತು, ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂಬ ಹೆಚ್ಚು ತೊಡಕಿನ ಪ್ರಶ್ನೆ ಅದರ ಜಾಗಕ್ಕೆ ಬಂತು.

ಆ ತೊಡಕಿನ ಮೊದಲ ಗಂಟು ಇಂಟರಪ್ಟ್. ಪ್ಯಾಕೆಟ್ ಬಂದೊಡನೆ ಕಾರ್ಡು ಪ್ರೊಸೆಸರಿನ ಕೈಯಲ್ಲಿರುವ ಕೆಲಸವನ್ನು ತಡೆದು ತನ್ನ ಕಡೆಗೆ ಗಮನ ಸೆಳೆಯುವ ಸಂಕೇತವೇ ಇಂಟರಪ್ಟ್. ಪ್ಯಾಕೆಟ್ಟುಗಳು ವಿರಳವಾಗಿ ಬರುವಾಗ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ದಟ್ಟವಾಗಿ ಬರತೊಡಗಿದಾಗ ಪ್ರೊಸೆಸರ್ ತನ್ನೆಲ್ಲ ಹೊತ್ತನ್ನೂ ಇಂಟರಪ್ಟಿಗೆ ಓಗೊಡುವುದರಲ್ಲಿಯೇ ಕಳೆದು, ಬಂದ ಪ್ಯಾಕೆಟ್ಟನ್ನು ಅದಕ್ಕಾಗಿ ಕಾದಿರುವ ಪ್ರೋಗ್ರಾಮಿಗೆ ತಲುಪಿಸಲು ಬಿಡುವೇ ಇಲ್ಲದಂತಾಗುತ್ತದೆ. ಯಂತ್ರ ನಿಂತಿಲ್ಲ, ಮೈಮುರಿದು ದುಡಿಯುತ್ತಿದೆ, ಆದರೆ ಕೆಲಸವೊಂದೂ ಮುಗಿಯುತ್ತಿಲ್ಲ. ಈ ಸ್ಥಿತಿಗೆ ರಿಸೀವ್ ಲೈವ್‌ಲಾಕ್ ಎಂದು ಹೆಸರು. ಜೆಫ್ರಿ ಮೊಗಲ್ ಮತ್ತು ಕೆ. ಕೆ. ರಾಮಕೃಷ್ಣನ್ 1996ರಲ್ಲಿ ಮಂಡಿಸಿದ ಪ್ರಬಂಧ ಇದರ ಬಗೆಗಿನ ಮುಖ್ಯ ಅಧ್ಯಯನ. ರಾಮಕೃಷ್ಣನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು ಎಂಬುದನ್ನು ಕನ್ನಡದ ಓದುಗರು ನೆನಪಿನಲ್ಲಿಟ್ಟುಕೊಳ್ಳಬಹುದು. ಮೊದಲ ಇಂಟರಪ್ಟ್ ಬಂದ ಮೇಲೆ ಇಂಟರಪ್ಟುಗಳನ್ನು ಮುಚ್ಚಿಟ್ಟು, ಗೊತ್ತಾದ ಮಿತಿಯೊಳಗೆ ಪ್ಯಾಕೆಟ್ಟುಗಳನ್ನು ತಾನೇ ಹೋಗಿ ಎತ್ತಿಕೊಂಡು, ಇನ್ನೇನೂ ಉಳಿದಿಲ್ಲವೆಂದಾಗ ಮತ್ತೆ ಇಂಟರಪ್ಟುಗಳನ್ನು ತೆರೆಯಬೇಕು ಎಂಬುದು ಆ ಪ್ರಬಂಧದ ಪರಿಹಾರ. ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನಲ್ಲಿ ಎನ್‌ಎಪಿಐ ಎಂಬ ಹೆಸರಿನಿಂದ ನೆಲೆಗೊಂಡ ವ್ಯವಸ್ಥೆ ಇದೇ ಹಾದಿಯದು. ಜಮಾಲ್ ಹಾದಿ ಸಲೀಂ, ರಾಬರ್ಟ್ ಓಲ್ಸನ್ ಮತ್ತು ಅಲೆಕ್ಸಿ ಕುಜ್ನೆಟ್ಸೋವ್ ಅದನ್ನು 2001ರಲ್ಲಿ ವಿವರಿಸಿದರು. ಅದರಲ್ಲಿ ಒಂದು ಸರದಿಗೆ ಸಾಮಾನ್ಯವಾಗಿ 64 ಪ್ಯಾಕೆಟ್ಟುಗಳು, ಎಲ್ಲ ಸರದಿಗಳೂ ಸೇರಿ 300 ಎಂಬುದು ಮೊದಲೇ ಇಟ್ಟ ಮಿತಿ.

ಕರ್ನಲ್ ಹೀಗೆ ತನ್ನನ್ನು ತಾನು ಕಾಪಾಡಿಕೊಂಡರೆ, ಕಾರ್ಡು ತನ್ನ ಮಟ್ಟದಲ್ಲಿ ಇಂಟರಪ್ಟುಗಳನ್ನು ಬಿಗಿಹಿಡಿಯುವ ಇನ್ನೊಂದು ಏರ್ಪಾಡಿದೆ, ಸೆಟ್ಟಿಂಗುಗಳ ಚರ್ಚೆಯಲ್ಲಿ ಹೆಚ್ಚು ತಿರುಳಿರುವುದು ಇಲ್ಲಿಯೇ. ಇಂಟೆಲ್ ಕಂಪನಿಯ ಗಿಗಾಬಿಟ್ ಕಾರ್ಡುಗಳ ಇ1000 ಡ್ರೈವರಿನಲ್ಲಿ ಇಂಟರಪ್ಟ್ ಥ್ರಾಟಲ್ ರೇಟ್ ಎಂಬ ಸೆಟ್ಟಿಂಗ್ ಸೆಕೆಂಡಿಗೆ ಎಷ್ಟು ಇಂಟರಪ್ಟುಗಳಿಗಿಂತ ಹೆಚ್ಚು ಏಳಬಾರದು ಎಂಬುದನ್ನು ಹೇಳುತ್ತದೆ. ಅದಕ್ಕೆ ಸೊನ್ನೆ ಕೊಟ್ಟರೆ ತಡೆಯೇ ಇಲ್ಲ. ಮೂರು ಕೊಟ್ಟರೆ, ಮೊದಲೇ ಇರುವ ಬೆಲೆಯೂ ಅದೇ, ಬರುವ ದಟ್ಟಣೆಯ ಸ್ವರೂಪ ನೋಡಿ ಡ್ರೈವರೇ ಬದಲಿಸಿಕೊಳ್ಳುತ್ತದೆ: ದೊಡ್ಡ ಕಡತಗಳು ಎಡೆಬಿಡದೆ ಸಾಗುವಾಗ ಸೆಕೆಂಡಿಗೆ 4,000, ಸಣ್ಣ ಪ್ಯಾಕೆಟ್ಟುಗಳು ಬೇಗ ತಲುಪಬೇಕಾದಾಗ 20,000ದವರೆಗೆ. ಒಂದು ಕೊಟ್ಟರೆ ಮೇಲಿನ ಮಿತಿ 70,000ಕ್ಕೆ ಏರುತ್ತದೆ. ಇಂಟರಪ್ಟುಗಳ ಸಂಖ್ಯೆ ಸೆಕೆಂಡಿಗೆ 4,000 ಆದರೆ ಎರಡರ ನಡುವಣ ಅಂತರ 250 ಮೈಕ್ರೊಸೆಕೆಂಡು; 70,000 ಆದರೆ ಸುಮಾರು 14 ಮೈಕ್ರೊಸೆಕೆಂಡು. ಕಡತ ನಕಲು ಮಾಡುತ್ತಿರುವವರಿಗೆ ಈ ವ್ಯತ್ಯಾಸ ಗಮನಕ್ಕೂ ಬಾರದು, ಪ್ರೊಸೆಸರ್ ಮಾತ್ರ ಹಗುರಾಗುತ್ತದೆ. ಒಂದು ಪ್ರಶ್ನೆಗೆ ಉತ್ತರ ಬಂದ ಮೇಲೆಯೇ ಮುಂದಿನ ಪ್ರಶ್ನೆ ಕೇಳಬಲ್ಲ ಡೇಟಾಬೇಸ್ ಪ್ರೋಗ್ರಾಮಿನ ಪಾಡು ಬೇರೆ. ಅದು ಇಂಟರಪ್ಟುಗಳನ್ನು 4,000ಕ್ಕೇ ಕಟ್ಟಿಹಾಕಿದ ಕಂಪ್ಯೂಟರಿನಲ್ಲಿದ್ದರೆ ಸೆಕೆಂಡಿಗೆ ಹೆಚ್ಚೆಂದರೆ ನಾಲ್ಕು ಸಾವಿರ ಪ್ರಶ್ನೆ ಕೇಳಬಲ್ಲದು. ಹತ್ತು ಸಾವಿರ ಪ್ರಶ್ನೆಗಳ ಕೆಲಸಕ್ಕೆ ಎರಡೂವರೆ ಸೆಕೆಂಡು ಬರೀ ಕಾಯುವುದರಲ್ಲಿಯೇ ಹೋಗುತ್ತದೆ. ಅಷ್ಟು ಹೊತ್ತೂ ತಂತಿ ಬಹುಮಟ್ಟಿಗೆ ಖಾಲಿ ಇರುತ್ತದೆ, ಪ್ರೊಸೆಸರಿಗೂ ಕೆಲಸವಿರುವುದಿಲ್ಲ. ಎಲ್ಲ ಮಾಪಕಗಳೂ ನೆಮ್ಮದಿಯನ್ನೇ ತೋರಿಸುತ್ತಿರುವಾಗ ಬಳಕೆದಾರರು ಮಾತ್ರ ನಿಧಾನವೆಂದು ದೂರುತ್ತಾರೆ. ಇಂಥ ದೂರನ್ನು ಸಲೀಸಾಗಿ ತಳ್ಳಿಹಾಕುವ ಅಭ್ಯಾಸ ಎಷ್ಟೋ ಕಡೆ ಇರುವುದರಿಂದ ಈ ಲೆಕ್ಕವನ್ನು ಇಷ್ಟು ಬಿಡಿಸಿ ಹೇಳಬೇಕಾಗಿದೆ.

ಇದೇ ಡ್ರೈವರಿನಲ್ಲಿ ಪ್ಯಾಕೆಟ್ ಬಂದ ಮೇಲೆ ಇಂಟರಪ್ಟನ್ನು ಇಂತಿಷ್ಟು ಹೊತ್ತು ತಡೆಹಿಡಿಯುವ ಇನ್ನೊಂದು ಸೆಟ್ಟಿಂಗ್ ಇದೆ, ಅದರ ಅಳತೆಯ ಏಕಮಾನ 1.024 ಮೈಕ್ರೊಸೆಕೆಂಡು. ಅದನ್ನು ಸೊನ್ನೆಯಿಂದ ಬದಲಿಸಿದರೆ ಕೆಲವು ಸನ್ನಿವೇಶಗಳಲ್ಲಿ ಕಾರ್ಡು ಕಳುಹಿಸುವುದನ್ನೇ ನಿಲ್ಲಿಸಿಬಿಡಬಹುದೆಂದು ಡ್ರೈವರಿನ ಕೈಪಿಡಿಯೇ ಎಚ್ಚರಿಸುತ್ತದೆ. ಎಲ್ಲ ಸೆಟ್ಟಿಂಗುಗಳೂ ತಿರುಗಿಸಲೆಂದೇ ಇರುವ ಗುಂಡಿಗಳಲ್ಲ. ಯಂತ್ರಾಂಶದ ಹಳೆಯ ದೋಷಗಳ ಗುರುತುಗಳೂ ಅವುಗಳ ನಡುವೆ ಇರುತ್ತವೆ.

ಎರಡನೆಯ ಗಂಟು ರಿಂಗ್. ಹಾಲು ಉತ್ಪಾದಕರ ಸಂಘದಲ್ಲಿ ಬೆಳಗಿನ ಹಾಲು ಬರುವ ಮೊದಲು ಖಾಲಿ ಕ್ಯಾನುಗಳನ್ನು ಜೋಡಿಸಿಡುವಂತೆ ಡ್ರೈವರು ಮೆಮೊರಿಯಲ್ಲಿ ಖಾಲಿ ಬಫರುಗಳನ್ನು ಸಿದ್ಧಪಡಿಸಿ, ಅವುಗಳ ವಿಳಾಸಗಳನ್ನು ಡಿಸ್ಕ್ರಿಪ್ಟರ್ ಎಂಬ ಚೀಟಿಗಳಲ್ಲಿ ಬರೆದು, ಚೀಟಿಗಳನ್ನು ಬಳೆಯಂತೆ ಸುತ್ತಿ ಬರುವ ಸಾಲಿನಲ್ಲಿ ಇಡುತ್ತದೆ. ಕಾರ್ಡು ಬಂದ ಪ್ಯಾಕೆಟ್ಟುಗಳನ್ನು ಒಂದಾದ ಮೇಲೊಂದರಂತೆ ಅವುಗಳಿಗೆ ತುಂಬುತ್ತದೆ, ಡ್ರೈವರು ತುಂಬಿದ್ದನ್ನು ಎತ್ತಿಕೊಂಡು ಖಾಲಿ ಬಫರನ್ನು ಮತ್ತೆ ಇಡುತ್ತದೆ. ಖಾಲಿ ಬಫರ್ ಸಿಗದಿದ್ದರೆ ಪ್ಯಾಕೆಟ್ ನೆಲದ ಪಾಲು. ಇ1000ದಲ್ಲಿ ಚೀಟಿಗಳ ಸಂಖ್ಯೆ ಮೊದಲಿಗೆ 256 ಇರುತ್ತದೆ, ಹೊಸ ಕಾರ್ಡುಗಳಲ್ಲಿ 4,096ರವರೆಗೆ ಏರಿಸಬಹುದು. ಗಿಗಾಬಿಟ್ ತಂತಿಯಲ್ಲಿ ಅತಿ ಚಿಕ್ಕ ಪ್ಯಾಕೆಟ್ಟುಗಳು ಒತ್ತೊತ್ತಾಗಿ ಬಂದರೆ 256 ಬಫರುಗಳು 172 ಮೈಕ್ರೊಸೆಕೆಂಡಿನಲ್ಲಿ ತುಂಬಿಹೋಗುತ್ತವೆ, ಹತ್ತು ಗಿಗಾಬಿಟ್ಟಿನಲ್ಲಿ 17 ಮೈಕ್ರೊಸೆಕೆಂಡಿನಲ್ಲಿ. ಹಿಂದೆ ಹೇಳಿದ 250 ಮೈಕ್ರೊಸೆಕೆಂಡಿನ ಇಂಟರಪ್ಟ್ ಅಂತರವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಒಂದು ಸೆಟ್ಟಿಂಗನ್ನು ಇನ್ನೊಂದರಿಂದ ಬಿಡಿಸಿ ಯೋಚಿಸುವುದು ಏಕೆ ತಪ್ಪೆಂಬುದು ತಿಳಿಯುತ್ತದೆ.

ಪ್ಯಾಕೆಟ್ ಕಳೆದುಹೋಗುತ್ತಿದೆ ಎಂದು ಗೊತ್ತಾದೊಡನೆ ರಿಂಗನ್ನು ಗರಿಷ್ಠಕ್ಕೆ ಏರಿಸುವುದು ಎಲ್ಲೆಡೆ ರೂಢಿಯಲ್ಲಿರುವ ಚಿಕಿತ್ಸೆ. ಹಠಾತ್ತನೆ ಬಂದು ಹಿಂಗುವ ಅಲೆಗಳಿಗೆ ಅದು ಸರಿಯಾದ ಮದ್ದೇ; ಪ್ರೊಸೆಸರ್ ಸದಾಕಾಲ ಹಿಂದೆ ಬೀಳುತ್ತಿದ್ದರೆ ದೊಡ್ಡ ರಿಂಗ್ ನಷ್ಟವನ್ನು ತಡೆಯುವುದಿಲ್ಲ, ತುಸು ಮುಂದೂಡಿ ತಡವನ್ನೂ ಸೇರಿಸುತ್ತದೆ. 2012ರ ನಂತರದ ಇಂಟೆಲ್ ಸರ್ವರ್ ಪ್ರೊಸೆಸರುಗಳಲ್ಲಿ ಕಾರ್ಡು ಬಂದ ಮಾಹಿತಿಯನ್ನು ನೇರವಾಗಿ ಪ್ರೊಸೆಸರಿನ ಕ್ಯಾಶ್, ಅಂದರೆ ಕೈಗೆಟಕುವ ವೇಗದ ಮೆಮೊರಿಯೊಳಗೇ ಬರೆಯುತ್ತದೆ, ಆದರೆ ಅದಕ್ಕೆ ಮೀಸಲಾದದ್ದು ಕ್ಯಾಶಿನ ಒಂದು ಸಣ್ಣ ಪಾಲು ಮಾತ್ರ. ಎರಡು ಕಿಲೊಬೈಟಿನ 4,096 ಬಫರುಗಳೆಂದರೆ ಒಂದು ರಿಂಗಿಗೆ ಎಂಟು ಮೆಗಾಬೈಟು; ಅಂಥ ರಿಂಗುಗಳು ಹಲವಿದ್ದರೆ ಪ್ಯಾಕೆಟ್ಟುಗಳು ಕ್ಯಾಶಿನಿಂದ ಹೊರಚೆಲ್ಲಿ, ಓದುವ ಹೊತ್ತಿಗೆ ಮತ್ತೆ ದೂರದ ಮೆಮೊರಿಯಿಂದ ತರಬೇಕಾಗುತ್ತದೆ. ಕಳುಹಿಸುವ ಬದಿಯಲ್ಲಿ ದೊಡ್ಡ ರಿಂಗಿನ ಕೇಡು ಇನ್ನೂ ಸ್ಪಷ್ಟ. ಪೂರ್ಣ ಗಾತ್ರದ 4,096 ಪ್ಯಾಕೆಟ್ಟುಗಳು ಸಾಲುಗಟ್ಟಿದರೆ ಗಿಗಾಬಿಟ್ ತಂತಿಯಲ್ಲಿ ಅವೆಲ್ಲ ಹೊರಬೀಳಲು 50 ಮಿಲಿಸೆಕೆಂಡು, ನೂರು ಮೆಗಾಬಿಟ್ಟಿನಲ್ಲಿ ಅರ್ಧ ಸೆಕೆಂಡು, ಹತ್ತು ಮೆಗಾಬಿಟ್ಟಿನಲ್ಲಿ ಐದು ಸೆಕೆಂಡು. ಅವುಗಳ ಹಿಂದೆ ಸಿಕ್ಕಿಕೊಂಡ ದೂರವಾಣಿ ಮಾತಿನ ಪ್ಯಾಕೆಟ್ಟಿಗೆ ಬಿಡುಗಡೆಯಿಲ್ಲ. ಜಿಮ್ ಗೆಟ್ಟಿಸ್ ಈ ವ್ಯಾಧಿಗೆ ಬಫರ್‌ಬ್ಲೋಟ್ ಎಂಬ ಹೆಸರನ್ನು ಪ್ರಚುರಪಡಿಸಿದರು. 2012ರಲ್ಲಿ ಲಿನಕ್ಸ್ 3.3ರಲ್ಲಿ ಬಂದ ಬೈಟ್ ಕ್ಯೂ ಲಿಮಿಟ್ಸ್ ಏರ್ಪಾಡು ರಿಂಗಿನಲ್ಲಿ ಚೀಟಿಗಳು ಎಷ್ಟೇ ಇದ್ದರೂ ತಂತಿಯನ್ನು ಖಾಲಿ ಬಿಡದಿರಲು ಬೇಕಾದಷ್ಟು ಬೈಟುಗಳನ್ನು ಮಾತ್ರ ಒಳಬಿಡುತ್ತದೆ. ಸಾಲು ತುಂಬಿ ತುಳುಕುವ ಮೊದಲೇ ಕಳುಹಿಸುವವರಿಗೆ ಸೂಚನೆ ಕೊಡಬೇಕೆಂಬ ವಿಚಾರ ಇದಕ್ಕಿಂತ ಬಹಳ ಹಿಂದಿನದು; ರಾಮಕೃಷ್ಣನ್ ಮತ್ತು, ಅವರಂತೆಯೇ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ, ರಾಜ್ ಜೈನ್ 1980ರ ದಶಕದಲ್ಲಿ ಅದಕ್ಕಾಗಿ ಪ್ಯಾಕೆಟ್ಟಿನಲ್ಲಿ ಒಂದು ಬಿಟ್ಟನ್ನೇ ಮೀಸಲಿಡುವ ಡೆಕ್‌ಬಿಟ್ ಪದ್ಧತಿಯನ್ನು ರೂಪಿಸಿದ್ದರು.

ಯಾವ ಸಂಖ್ಯೆಯನ್ನು ಮುಟ್ಟುವ ಮೊದಲೂ ಪ್ಯಾಕೆಟ್ ಎಲ್ಲಿ ಕಳೆಯುತ್ತಿದೆ ಎಂಬುದನ್ನು ಹುಡುಕಬೇಕು, ಹುಡುಕಲು ಬೇಕಾದ ಎಣಿಕೆಗಳನ್ನು ಡ್ರೈವರೇ ಇಟ್ಟಿರುತ್ತದೆ. ಲಿನಕ್ಸ್‌ನಲ್ಲಿ ಇಥ್‌ಟೂಲ್ ಎಂಬ ಸಾಧನ ಅವುಗಳನ್ನು ಪಟ್ಟಿಮಾಡಿ ತೋರಿಸುತ್ತದೆ. ಇ1000ದ ಪಟ್ಟಿಯಲ್ಲಿ ಹತ್ತಿರ ಹತ್ತಿರ ನಿಲ್ಲುವ ಎರಡು ಸಾಲುಗಳನ್ನು ಉದಾಹರಣೆಗೆ ನೋಡಬಹುದು. ಒಂದು, ಪ್ಯಾಕೆಟ್ ಬಂದಾಗ ಮೆಮೊರಿಯಲ್ಲಿ ಖಾಲಿ ಬಫರ್ ಸಿಗದ ಸಂದರ್ಭಗಳ ಎಣಿಕೆ. ಆಗಲೂ ಕಾರ್ಡಿನೊಳಗಿನ ಪುಟ್ಟ ಉಗ್ರಾಣದಲ್ಲಿ ಜಾಗವಿದ್ದರೆ ಪ್ಯಾಕೆಟ್ ಬದುಕಿ ಉಳಿಯುತ್ತದೆ. ಇನ್ನೊಂದು, ಆ ಉಗ್ರಾಣವೂ ತುಂಬಿ ನಿಜಕ್ಕೂ ಕಳೆದುಹೋದ ಪ್ಯಾಕೆಟ್ಟುಗಳ ಎಣಿಕೆ. ಮೊದಲನೆಯದು ಏರುತ್ತಿದ್ದು ಎರಡನೆಯದು ಸೊನ್ನೆಯಲ್ಲಿದ್ದರೆ ರಿಂಗ್ ಇಕ್ಕಟ್ಟಾಗಿದೆ, ನಷ್ಟವಿನ್ನೂ ಆಗಿಲ್ಲ. ಎರಡನೆಯದು ಮಾತ್ರ ಏರುತ್ತಿದ್ದರೆ ಕಾರ್ಡಿನಿಂದ ಮೆಮೊರಿಗೆ ಹೋಗುವ ಬಸ್ಸೇ ಸಾಲದಾಗಿರುವ ಸಂಭವವಿದೆ, ರಿಂಗ್ ಹಿಗ್ಗಿಸಿ ಪ್ರಯೋಜನವಿಲ್ಲ. ಕಾರ್ಡಿನ ಎಣಿಕೆಗಳೆಲ್ಲ ಶುಭ್ರವಾಗಿದ್ದೂ ಪ್ಯಾಕೆಟ್ ಕಾಣೆಯಾಗುತ್ತಿದ್ದರೆ ಸಾಫ್ಟ್‌ನೆಟ್ ಸ್ಟ್ಯಾಟ್ ಎಂಬ ಕರ್ನಲ್ ಕಡತವನ್ನು ತೆರೆಯಬೇಕು. ಅದರಲ್ಲಿ ಪ್ರೊಸೆಸರಿನ ಒಂದೊಂದು ಕೋರಿಗೆ ಒಂದೊಂದು ಸಾಲು, ಹದಿನಾರರ ಮಾನದ ಅಂಕಿಗಳಲ್ಲಿ. ಎರಡನೆಯ ಕಂಬಸಾಲು ಕರ್ನಲ್ಲಿನ ಸಾಲಿನಲ್ಲಿ ಜಾಗವಿಲ್ಲದೆ ಬಿಟ್ಟ ಪ್ಯಾಕೆಟ್ಟುಗಳನ್ನೂ, ಮೂರನೆಯದು ಕೆಲಸ ಬಾಕಿ ಇರುವಾಗಲೇ 300ರ ಮಿತಿ ಅಥವಾ ಸಮಯ ಮುಗಿದ ಸಂದರ್ಭಗಳನ್ನೂ ಹೇಳುತ್ತವೆ. ಮೂರನೆಯದು ಬೆಳೆಯುತ್ತಿದ್ದರೆ ದೋಷ ಕಾರ್ಡಿನದಲ್ಲ.

ಕೆಲವೊಮ್ಮೆ ಆ ಕಡತದ ಒಂದೇ ಸಾಲು ಬೆಳೆದು ಉಳಿದವು ನಿಂತಲ್ಲೇ ನಿಂತಿರುತ್ತವೆ: ಹಲವು ಕೋರುಗಳಿದ್ದರೂ ಹೊರೆ ಒಂದರ ಹೆಗಲ ಮೇಲಿದೆ ಎಂದು ಅರ್ಥ. ಆರ್‌ಎಸ್‌ಎಸ್ ಎಂಬ ಏರ್ಪಾಡಿನಲ್ಲಿ ಕಾರ್ಡು ಪ್ಯಾಕೆಟ್ಟಿನ ವಿಳಾಸ ಮತ್ತು ಪೋರ್ಟ್ ಸಂಖ್ಯೆಗಳಿಂದ ಒಂದು ಹ್ಯಾಶ್ ಕಟ್ಟಿ, ಅದರ ಆಧಾರದ ಮೇಲೆ ಪ್ಯಾಕೆಟ್ಟುಗಳನ್ನು ಹಲವು ರಿಂಗುಗಳಿಗೆ, ಆ ಮೂಲಕ ಹಲವು ಕೋರುಗಳಿಗೆ ಹಂಚುತ್ತದೆ. ಒಂದು ಸಂಪರ್ಕದ ಪ್ಯಾಕೆಟ್ಟುಗಳೆಲ್ಲ ಒಂದೇ ಕೋರಿಗೆ ಹೋಗುವುದರಿಂದ ಅವುಗಳ ಕ್ರಮ ಕೆಡುವುದಿಲ್ಲ. ಇದರಿಂದಾಗಿಯೇ ಒಂದೇ ಒಂದು ದೊಡ್ಡ ಸಂಪರ್ಕವನ್ನು ಆರ್‌ಎಸ್‌ಎಸ್ ವೇಗಗೊಳಿಸಲಾರದು. ಎರಡು ಪ್ರೊಸೆಸರುಗಳಿರುವ ಸರ್ವರಿನಲ್ಲಿ ಕಾರ್ಡು ಯಾವ ಪ್ರೊಸೆಸರಿನ ಬಸ್ಸಿಗೆ ಸೇರಿದೆಯೋ ಅದರ ಕೋರುಗಳಿಗೇ ಇಂಟರಪ್ಟುಗಳನ್ನು ಒಪ್ಪಿಸುವುದು ಲೇಸು.

ಆಫ್‌ಲೋಡ್ ಎಂಬ ಗುಂಪಿನ ಸೆಟ್ಟಿಂಗುಗಳು ಪ್ರೊಸೆಸರಿನ ಕೆಲಸವನ್ನು ಕಾರ್ಡಿಗೆ ದಾಟಿಸುತ್ತವೆ: ಚೆಕ್‌ಸಮ್ ಎಂಬ ತಾಳೆ ಸಂಖ್ಯೆಯನ್ನು ಕಟ್ಟುವುದು, 64 ಕಿಲೊಬೈಟಿನವರೆಗಿನ ದೊಡ್ಡ ತುಂಡನ್ನು ತಂತಿಗೆ ಒಗ್ಗುವ ಚಿಕ್ಕ ತುಂಡುಗಳಾಗಿ ಕತ್ತರಿಸುವುದು, ಬಂದ ಚಿಕ್ಕ ತುಂಡುಗಳನ್ನು ಮತ್ತೆ ಜೋಡಿಸುವುದು. ಇವು ತೆರೆದಿರುವುದೇ ಬಹುಪಾಲು ಸರಿ. ಆದರೆ ಜೋಡಿಸುವ ಹಳೆಯ ವಿಧಾನವಾದ ಎಲ್‌ಆರ್‌ಒ ಪ್ಯಾಕೆಟ್ಟುಗಳ ತಲೆಬರಹದ ಕೆಲವು ವಿವರಗಳನ್ನು ಅಳಿಸಿಬಿಡುವುದರಿಂದ, ಪ್ಯಾಕೆಟ್ಟನ್ನು ತಾನು ಬಳಸದೆ ಮುಂದಕ್ಕೆ ಕಳುಹಿಸುವ ರೂಟರ್ ಅಥವಾ ಬ್ರಿಡ್ಜ್ ಕಂಪ್ಯೂಟರಿನಲ್ಲಿ ಅದನ್ನು ಮುಚ್ಚಿಡಬೇಕು. 2009ರ ಲಿನಕ್ಸ್ 2.6.29ರಲ್ಲಿ ಹರ್ಬರ್ಟ್ ಶೂ ತಂದ ಜಿಆರ್‌ಒ, ಜೋಡಿಸಿದ್ದನ್ನು ಮೊದಲಿದ್ದಂತೆಯೇ ಬಿಡಿಸಲು ಸಾಧ್ಯವಾಗುವ ಎಚ್ಚರದಿಂದ ಈ ಕೊರತೆಯನ್ನು ನೀಗಿಸಿತು. ಅದೇ ಕಂಪ್ಯೂಟರಿನಲ್ಲಿ ಪ್ಯಾಕೆಟ್ಟುಗಳನ್ನು ಹಿಡಿದು ನೋಡಿದಾಗ ಹೊರಹೋಗುವ ಪ್ರತಿಯೊಂದರ ಚೆಕ್‌ಸಮ್ಮೂ ತಪ್ಪೆಂದು ಕಾಣುವುದು ಹೊಸಬರನ್ನು ಗಾಬರಿಗೊಳಿಸುತ್ತದೆ. ಕಾರ್ಡು ಅದನ್ನು ಭರ್ತಿ ಮಾಡುವುದು ಆ ನಂತರ ಎಂಬುದಷ್ಟೇ ಅದರ ಗುಟ್ಟು.

ಎಲ್ಲಕ್ಕಿಂತ ಹೆಚ್ಚು ಜನರನ್ನು ಗೋಳಾಡಿಸಿದ ಸೆಟ್ಟಿಂಗ್ ಮಾತ್ರ ಇವು ಯಾವುವೂ ಅಲ್ಲ, ಡ್ಯೂಪ್ಲೆಕ್ಸ್. ಎರಡೂ ಬದಿಯವರು ಏಕಕಾಲಕ್ಕೆ ಮಾತಾಡಬಹುದಾದರೆ ಅದು ಫುಲ್ ಡ್ಯೂಪ್ಲೆಕ್ಸ್, ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರಾದರೆ ಹಾಫ್ ಡ್ಯೂಪ್ಲೆಕ್ಸ್. 1995ರ ನೂರು ಮೆಗಾಬಿಟ್ ಮಾನಕದೊಂದಿಗೆ ಬಂದ ಆಟೊ ನೆಗೋಶಿಯೇಶನ್ ಎಂಬ ಕ್ರಮದಲ್ಲಿ ಎರಡು ತುದಿಗಳೂ ತಮ್ಮ ಸಾಮರ್ಥ್ಯವನ್ನು ಸಾರಿ, ಇಬ್ಬರಿಗೂ ಒಗ್ಗುವುದನ್ನು ಆರಿಸಿಕೊಳ್ಳುತ್ತವೆ. ಯಾರೋ ಒಬ್ಬರು ಒಳ್ಳೆಯದೇ ಆಗಲೆಂದು ಕಾರ್ಡಿನ ಎದುರು ತುದಿಯ ಸ್ವಿಚ್ಚಿನ ಬದಿಯಲ್ಲಿ ನೂರು ಮೆಗಾಬಿಟ್, ಫುಲ್ ಡ್ಯೂಪ್ಲೆಕ್ಸ್ ಎಂದು ಗಟ್ಟಿಯಾಗಿ ಬರೆದಿಟ್ಟು ಕಾರ್ಡನ್ನು ಆಟೊದಲ್ಲಿಯೇ ಬಿಟ್ಟರೆ, ಸ್ವಿಚ್ ತನ್ನ ಸಾಮರ್ಥ್ಯವನ್ನು ಸಾರುವುದನ್ನು ನಿಲ್ಲಿಸುತ್ತದೆ. ಕಾರ್ಡು ಸಂಕೇತದ ರೂಪದಿಂದ ವೇಗವನ್ನು ಊಹಿಸಬಲ್ಲದು, ಡ್ಯೂಪ್ಲೆಕ್ಸನ್ನು ಊಹಿಸಲಾರದು; ಅಂಥಲ್ಲಿ ಹಾಫ್ ಎಂದು ತಿಳಿಯಬೇಕೆಂಬುದು ಮಾನಕದ ನಿಯಮ. ಆಗ ಸ್ವಿಚ್ ತನಗೆ ತೋಚಿದಾಗ ಮಾತಾಡುತ್ತದೆ, ಕಾರ್ಡು ತನ್ನ ಮಾತಿನ ನಡುವೆ ಬಂದ ಅದನ್ನು ಡಿಕ್ಕಿಯೆಂದು ಬಗೆದು ಅರ್ಧಕ್ಕೇ ನಿಲ್ಲಿಸುತ್ತದೆ. ಆ ಅರ್ಧ ಫ್ರೇಮು ಸ್ವಿಚ್ಚಿನ ಕಡೆ ತಾಳೆಯಾಗದ ಫ್ರೇಮಾಗಿ ಬೀಳುತ್ತದೆ. ಕಾರ್ಡಿನ ಎಣಿಕೆಯಲ್ಲಿ ಲೇಟ್ ಕೊಲಿಷನ್, ಸ್ವಿಚ್ಚಿನ ಎಣಿಕೆಯಲ್ಲಿ ಸಿಆರ್‌ಸಿ ದೋಷ, ಹೀಗೆ ಎರಡು ಬೇರೆ ಹೆಸರುಗಳಲ್ಲಿ ಒಂದೇ ರೋಗ ಕಾಣಿಸಿಕೊಳ್ಳುತ್ತದೆ. ದೀಪ ಹಸಿರಾಗಿಯೇ ಉರಿಯುತ್ತದೆ, ಪಿಂಗ್ ಕಳುಹಿಸಿದರೆ ಸರಿಯಾಗಿಯೇ ಉತ್ತರ ಬರುತ್ತದೆ, ಏಕೆಂದರೆ ಒಂದೊಂದೇ ಹೋಗಿಬರುವ ಸಣ್ಣ ಪ್ಯಾಕೆಟ್ಟುಗಳು ಡಿಕ್ಕಿಯಾಗುವುದು ಅಪರೂಪ. ದೊಡ್ಡ ಕಡತ ಹೊರಟಾಗ ಮಾತ್ರ ವೇಗ ಕುಸಿದುಬೀಳುತ್ತದೆ. ತಾಮ್ರದ ತಂತಿಯ ಗಿಗಾಬಿಟ್ ಮಾನಕ ಆಟೊ ನೆಗೋಶಿಯೇಶನ್ನನ್ನು ಕಡ್ಡಾಯಗೊಳಿಸಿದ್ದರಿಂದ ಈ ಕಾಟ ಬಹಳ ಮಟ್ಟಿಗೆ ತಗ್ಗಿದೆ. ನೂರು ಮೆಗಾಬಿಟ್ಟಿನ ಹಳೆಯ ಯಂತ್ರಗಳು ಉಳಿದಿರುವ ಕಾರ್ಖಾನೆಗಳಲ್ಲಿ, ಪ್ರಯೋಗಾಲಯಗಳಲ್ಲಿ ಈಗಲೂ ಮೊದಲು ನೋಡಬೇಕಾದದ್ದು ಇದನ್ನೇ.

ಜಂಬೊ ಫ್ರೇಮ್ ಬಗ್ಗೆ ಉತ್ಸಾಹ ಹೆಚ್ಚು, ಫಲ ಮಿತವಾದದ್ದು. ಒಂದು ಫ್ರೇಮಿನ ಹೊರೆಯನ್ನು 1,500 ಬೈಟಿನಿಂದ 9,000ಕ್ಕೆ ಏರಿಸಿದರೆ ತಂತಿಯ ಮೇಲೆ ಉಪಯುಕ್ತ ಮಾಹಿತಿಯ ಪಾಲು ಸುಮಾರು ಶೇ. 95ರಿಂದ 99ಕ್ಕೆ ಏರುತ್ತದೆ, ಪ್ಯಾಕೆಟ್ಟುಗಳ ಸಂಖ್ಯೆ ಆರನೆಯ ಒಂದಕ್ಕೆ ಇಳಿಯುತ್ತದೆ. ಆದರೆ ಆ ಜಾಲದ ಎಲ್ಲ ಕಾರ್ಡುಗಳೂ ಸ್ವಿಚ್ಚುಗಳೂ ಅದಕ್ಕೆ ಒಪ್ಪಬೇಕು, ಒಪ್ಪದ ಒಂದೇ ಒಂದು ಸಾಧನವಿದ್ದರೂ ದೊಡ್ಡ ಪ್ಯಾಕೆಟ್ಟುಗಳು ಸದ್ದಿಲ್ಲದೆ ಮಾಯವಾಗುತ್ತವೆ. ಎಚ್ಚರದಿಂದ ಬಳಸಬೇಕಾದ ಇನ್ನೊಂದು ಏರ್ಪಾಡು, ತುಂಬಿದ ಕಾರ್ಡು ಎದುರು ಬದಿಗೆ ನಿಲ್ಲು ಎನ್ನುವ ಪಾಜ್ ಫ್ರೇಮ್, 1997ರ ಮಾನಕದ ಕೊಡುಗೆ. ಒಂದು ಸಲಕ್ಕೆ ಅದು ಗಿಗಾಬಿಟ್ ತಂತಿಯನ್ನು 33 ಮಿಲಿಸೆಕೆಂಡಿಗೂ ಮೀರಿ ನಿಲ್ಲಿಸಬಲ್ಲದು, ನಿಲ್ಲುವಾಗ ಸಂಬಂಧವಿಲ್ಲದ ಇತರ ಸಂಪರ್ಕಗಳನ್ನೂ ನಿಲ್ಲಿಸುತ್ತದೆ.

ಈಚಿನ ಡ್ರೈವರುಗಳು ಈ ಲೆಕ್ಕದ ಒಂದು ಭಾಗವನ್ನು ತಾವೇ ವಹಿಸಿಕೊಂಡಿವೆ. ಲಿನಕ್ಸ್‌ನಲ್ಲಿ ಹಲವು ಡ್ರೈವರುಗಳು ಹಂಚಿಕೊಂಡಿರುವ ಡಿಐಎಂ ಎಂಬ ಭಾಗ, ಇಂಟರಪ್ಟಿನ ಅಂತರವನ್ನು ಒಂದು ಹೆಜ್ಜೆ ಬದಲಿಸಿ ನೋಡಿ, ಪ್ಯಾಕೆಟ್ಟುಗಳ ಸಾಗಾಟ ಹೆಚ್ಚಿತೇ ತಗ್ಗಿತೇ ಎಂದು ಅಳೆದು, ಮುಂದಿನ ಹೆಜ್ಜೆಯನ್ನು ನಿರ್ಧರಿಸುತ್ತದೆ. ಇನ್ನೊಂದು ತುದಿಯಲ್ಲಿ ಡಿಪಿಡಿಕೆಯಂಥ ತಂತ್ರಾಂಶಗಳು ಇಂಟರಪ್ಟನ್ನೇ ಕೈಬಿಟ್ಟು, ಒಂದು ಕೋರನ್ನು ಹಗಲಿರುಳೂ ರಿಂಗಿನ ಕಾವಲಿಗೆ ನಿಲ್ಲಿಸುತ್ತವೆ. ಅಲ್ಲಿ ಪ್ಯಾಕೆಟ್ ಕಾಯುವುದಿಲ್ಲ, ಅದರ ಬದಲಿಗೆ ಕೋರು ಕಾಯುತ್ತದೆ, ಜಾಲ ಖಾಲಿಯಿದ್ದಾಗಲೂ ವಿದ್ಯುತ್ ಉರಿಸುತ್ತ. ಷೇರುಪೇಟೆಯ ವ್ಯವಹಾರಕ್ಕೆ, ದೂರವಾಣಿ ಜಾಲದ ಯಂತ್ರಗಳಿಗೆ ಆ ಬೆಲೆ ಸಲ್ಲುತ್ತದೆ. ಕಾಲೇಜಿನ ಕಡತ ಸರ್ವರಿಗೆ, ಜಿಲ್ಲಾ ಆಸ್ಪತ್ರೆಯ ಡೇಟಾಬೇಸಿಗೆ ಸಲ್ಲದು. ಅಂಥಲ್ಲಿ ಡ್ರೈವರಿನ ಮೂಲ ಬೆಲೆಗಳನ್ನೇ ಇಟ್ಟುಕೊಂಡು, ಎಣಿಕೆಗಳು ಬೊಟ್ಟುಮಾಡಿದ ಒಂದನ್ನು ಮಾತ್ರ ಬದಲಿಸಿ, ಬದಲಿಸುವ ಮೊದಲಿನ ಮತ್ತು ನಂತರದ ಅಳತೆಗಳನ್ನು ಅದೇ ಹೊರೆಯ ಹೊತ್ತಿನಲ್ಲಿ ತೆಗೆದುಕೊಳ್ಳುವ ಕ್ರಮವೇ ತಕ್ಕದ್ದು.

ಬದಲಿಸುವ ಕ್ಷಣಕ್ಕೂ ಒಂದು ಎಚ್ಚರ ಬೇಕು. ರಿಂಗಿನ ಗಾತ್ರವನ್ನು ಬದಲಿಸಿದಾಗ ಹಲವು ಡ್ರೈವರುಗಳು ಕಾರ್ಡನ್ನು ಒಮ್ಮೆ ನಿಲ್ಲಿಸಿ ಮತ್ತೆ ಎಬ್ಬಿಸುತ್ತವೆ, ಆ ಹೊತ್ತಿನಲ್ಲಿ ಸಂಪರ್ಕ ಕೆಲವು ಸೆಕೆಂಡು ಕಡಿದುಹೋಗಬಹುದು. ದೂರದಿಂದ ಅದೇ ಕಾರ್ಡಿನ ಮೂಲಕ ಒಳಬಂದು ಕೆಲಸ ಮಾಡುತ್ತಿರುವವರ ಸಂಪರ್ಕವೂ ಅದರಲ್ಲಿ ಸೇರಿದೆ. ಇಥ್‌ಟೂಲ್‌ನಿಂದ ಕೊಟ್ಟ ಬೆಲೆಗಳು ಕಂಪ್ಯೂಟರ್ ಆರಿ ಹತ್ತಿದೊಡನೆ ಅಳಿಸಿಹೋಗುತ್ತವೆ. ಆದ್ದರಿಂದ ಅವುಗಳನ್ನು ಕಂಪ್ಯೂಟರ್ ಏಳುವಾಗ ಓದಿಕೊಳ್ಳುವ ಕಡತದಲ್ಲಿ, ಯಾವ ದಿನ, ಯಾವ ಎಣಿಕೆಯನ್ನು ಕಂಡು ಬದಲಿಸಿದ್ದೆಂಬ ಒಂದು ಸಾಲಿನ ಟಿಪ್ಪಣಿಯೊಂದಿಗೆ ಬರೆದಿಡಬೇಕು. ಹಾಗೆ ಬರೆದಿಡದಿದ್ದರೆ ರಾತ್ರಿ ಕರೆಂಟು ಹೋಗಿ ಬಂದ ಮರುದಿನ ಸರ್ವರ್ ಮತ್ತೆ ಹಳೆಯ ನಿಧಾನಕ್ಕೆ ಮರಳಿರುತ್ತದೆ, ಹಿಂದೆ ಅದು ಸರಿಹೋದದ್ದು ಹೇಗೆಂದು ಹೇಳಬಲ್ಲವರು ಆ ವೇಳೆಗೆ ಬೇರೆ ಊರಿನಲ್ಲಿ ಕೆಲಸಕ್ಕಿರುತ್ತಾರೆ.